ಅವಸರದ ಬಾದಾಮಿ

ಗಿಡಮರಗಳ ಹೊಸ ವರ್ಷ ತು ಬಿಶ್ವಾತ್ ಹತ್ತಿರ ಬಂತೆಂದರೆ, ಜೆರುಸಲೇಮಿನ ಸುತ್ತಲಿನ ಬೆಟ್ಟದವರೆಲ್ಲ ಬಾದಾಮಿ ಯಾವಾಗ ಅರಳುತ್ತದೋ ಎಂದು ಕಾಯುತ್ತಾರೆ. ನಮ್ಮ ಅತ್ತೆ ನಾಜೆ ಮಾತ್ರ ಆ ವರ್ಷ ಬೆಳಗಾಗುತ್ತಲೇ ಅಂಗಳಕ್ಕಿಳಿದು ನಮ್ಮ ಬಾದಾಮಿ ಗಿಡವನ್ನು ಬಯ್ಯುತ್ತಿದ್ದರು.

"ಲೇ, ಹಬ್ಬ ಮುಗಿಯೋ ಮುಂಚೆ ಕಣ್ಣು ಬಿಟ್ಟೀಯಾ, ಜೋಕೆ!"

ಗಿಡ ನೆಟ್ಟ ಮೊದಲ ಮೂರು ವರ್ಷ ಅದರ ಫಲ ಯಹೂದಿಗಳಾದ ನಮಗೆ ನಿಷಿದ್ಧ. ಆ ಅವಧಿ ಮುಗಿಯುವುದು ತು ಬಿಶ್ವಾತ್‌ಗೆ. ಹಬ್ಬಕ್ಕೆ ಮುಂಚೆ ಹೂವಿನಲ್ಲಿ ಕಚ್ಚಿದ ಕಾಯಿ ಹಳೆಯ ಲೆಕ್ಕಕ್ಕೆ ಸೇರಿ ಕಸಕ್ಕೆ ಹೋಗುತ್ತದೆ. ಆಮೇಲೆ ಕಚ್ಚಿದ್ದನ್ನು ತಿನ್ನಬಹುದು. ಮಾವ ದರ್ವೀಶ್ ಈ ಗಿಡ ನೆಟ್ಟದ್ದು ಮೂರು ವರ್ಷದ ಹಿಂದೆ, ಅದೇ ಹಬ್ಬದ ದಿನ.

ಮಾವ ಕುರ್ದಿಸ್ತಾನದಿಂದ ಬಂದು ಇಳಿದಾಗಿನಿಂದ ಕಾಡು ಬೆಳೆಸುವ ಕೂಲಿಗೆ ಹೋದವರು. ಎದುರು ಬೆಟ್ಟದ ಪೈನ್ ಮರಗಳಲ್ಲಿ ಅರ್ಧ ಅವರ ಕೈಯವೇ. "ಬೋಳುಗುಡ್ಡಕ್ಕೆಲ್ಲ ನೆಟ್ರಿ, ನನ್ನ ಬಾಗಿಲಿಗೆ ಒಂದು ಹಣ್ಣಿನ ಗಿಡ ನೆಟ್ರಾ?" ಎಂದು ಅತ್ತೆ ಜೀವಮಾನವಿಡೀ ಕುಟುಕಿದರು. ಮಾವನಿಗೆ ಮಾತೂ ಕಡಿಮೆ, ಕೊಡುವ ಕೈಯೂ ಕಡಿಮೆ. ಹೆಂಡತಿಗೆಂದು ಒಂದು ಬಳೆ ತಂದವರಲ್ಲ. ಕೊನೆಗೊಮ್ಮೆ ಕಾಡಂಚಿನಲ್ಲಿ ತಾನಾಗಿ ಹುಟ್ಟಿದ್ದ ಬಾದಾಮಿ ಸಸಿಯೊಂದನ್ನು ಕಿತ್ತು ತಂದು, ಅಡುಗೆಮನೆ ಕಿಟಕಿಯ ಕೆಳಗೆ ನೆಟ್ಟು, "ತಗೋ, ನಿಂದು" ಎಂದರು. ಆ ಬೇಸಿಗೆಯಲ್ಲೇ ತೀರಿಕೊಂಡರು.

ಈಗ ಅತ್ತೆಯ ಹೃದಯ ಕೈಕೊಡುತ್ತಿತ್ತು. ಮುಂದಿನ ವರ್ಷದ ಮಾತನ್ನು ಡಾಕ್ಟರೂ ಎತ್ತುತ್ತಿರಲಿಲ್ಲ. ಆ ಗಿಡದ ಒಂದೇ ಒಂದು ಕಾಯಿ ತಿಂದು ಹೋಗಬೇಕೆಂಬುದು ಅವರ ಹಟ.

ಆದರೆ ಆ ಸಲ ಚಳಿಗಾಲ ಚಳಿಗಾಲದಂತಿರಲಿಲ್ಲ. ಹಬ್ಬಕ್ಕೆ ಇನ್ನೂ ವಾರಗಳಿರುವಾಗಲೇ ಮೊಗ್ಗು ಉಬ್ಬತೊಡಗಿತು. ಅತ್ತೆ ಫ್ರಿಜ್ಜಿನ ಐಸನ್ನೆಲ್ಲ ಒಯ್ದು ಗಿಡದ ಬುಡಕ್ಕೆ ಸುರಿದರು.

"ಅತ್ತೆ, ಗಿಡಕ್ಕೆ ನೆಗಡಿಯಾದೀತು" ಎಂದೆ.

"ನಿಮ್ಮ ಮೊರಾಕೋದಲ್ಲಿ ಆಗ್ತಿತ್ತೇನೋ. ಇದು ಕುರ್ದ್ ಗಿಡ. ಹೋಗು, ಇನ್ನೊಂದು ಟ್ರೇ ತಗೊಂಡು ಬಾ, ಸುಲಿಕಾ."

ಐಸಿಗೆ ಗಿಡ ಸೊಪ್ಪು ಹಾಕಲಿಲ್ಲ. ಒಂದು ಬೆಳಗ್ಗೆ ಕೆಳಗಿನ ಕೊಂಬೆ ಬೆಳ್ಳಗೆ ಅರಳಿ ನಿಂತಿತ್ತು. ನನ್ನ ಗಂಡ ನಹುಮ ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ. ಪ್ರಾರ್ಥನಾ ಮಂದಿರದ ಮುಂದಿನ ಸಾಲಿನವನು. ಶಾಸ್ತ್ರವೆಂದರೆ ಕೂದಲು ಸೀಳುತ್ತಾನೆ.

"ಅಮ್ಮಾ, ಇದು ಈಗಲೇ ಕಾಯಿ ಕಚ್ಚುತ್ತೆ. ಆಮೇಲೆ ಯಾವುದು ಮುಂಚಿಂದು, ಯಾವುದು ಆಮೇಲಿಂದು ಅಂತ ಹೇಳೋರ್ಯಾರು? ಅನುಮಾನ ಬಂದ್ರೆ ಇಡೀ ಗಿಡಾನೇ ಮುಟ್ಟೋ ಹಾಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ರೀ, ಅವರ ಮುಖ ನೋಡಿ ಹೇಳಬಾರದಾ?"

ಅತ್ತೆ ಗಿಡದ ಹತ್ತಿರ ಹೋಗಿ ಒಂದು ಹೂ ಕಿತ್ತರು. ಆಮೇಲೆ ಇನ್ನೊಂದು. ಕಿತ್ತದ್ದನ್ನೆಲ್ಲ ಮಡಿಲಿಗೆ ಹಾಕಿಕೊಂಡು, "ಕಾಯಿ ಕಚ್ಚೋಕೆ ಮುಂಚೆ ಕಿತ್ರೆ?" ಎಂದು ಕೇಳಿದರು.

ನಹುಮ ಯೋಚಿಸಿದ. "ಆಗ ತೊಂದರೆಯಿಲ್ಲ" ಎಂದು ತಾನೇ ಸ್ಟೂಲು ತಂದು ಮೇಲಿನ ಕೊಂಬೆಗೆ ಕೈ ಹಾಕಿದ. ಅಲ್ಲಿಂದಾಚೆ ದಿನವೂ ಕೆಲಸಕ್ಕೆ ಹೋಗುವ ಮುಂಚೆ ತಾಯಿ ಮಗ ಇಬ್ಬರೂ ಅರಳಿದ ಹೂವನ್ನೆಲ್ಲ ಕೀಳುತ್ತಿದ್ದರು.

ಪಕ್ಕದ ಮನೆಯ ಹನೀನಿ ಬೇಲಿಯಾಚೆಯಿಂದ, "ಊರೆಲ್ಲ ಹಬ್ಬಕ್ಕೆ ಗಿಡ ನೆಡ್ತಾರೆ, ನೀವು ಇದ್ದ ಗಿಡಾನೂ ಬೋಳಿಸ್ತೀರಲ್ಲ!" ಎಂದಳು.

"ನಿನ್ನ ನಾಲಿಗೆ ಬೋಳಿಸೋಕೆ ಬರ್ತೀನಿ, ಇರು" ಎಂದರು ಅತ್ತೆ. ಒಳಗೆ ಬಂದು ಕೂತು ಅತ್ತರು. ಗಂಡ ಕೊಟ್ಟ ಹೂವನ್ನು ನಾನೇ ಹೊಸಕುತ್ತಿದ್ದೇನೆ ಎಂದು ಅತ್ತರು. ನಾನೂ ಜೊತೆಗೆ ಅತ್ತುಬಿಟ್ಟೆ.

ಹಬ್ಬದ ದಿನ ಗಿಡದಲ್ಲಿ ಉಳಿದದ್ದು ತುದಿಯ ಕೆಲವು ಬಿಗಿದ ಮೊಗ್ಗು. ಮೇಜಿನ ಮೇಲೆ ಅಂಜೂರ, ಖರ್ಜೂರ, ದಾಳಿಂಬೆ ಎಲ್ಲ ಇಟ್ಟು ಪ್ರಾರ್ಥನೆ ಹೇಳಿದೆವು. ಅತ್ತೆ ತಮ್ಮೂರಿನ ಹಳೆಯ ಪದ್ಧತಿಯಂತೆ ಒಣದ್ರಾಕ್ಷಿ ಒಯ್ದು ಗಿಡದ ಬುಡಕ್ಕೆ ಚೆಲ್ಲಿ, "ಇನ್ನು ನಿನ್ನಿಷ್ಟ" ಎಂದರು.

ಮೊಗ್ಗುಗಳು ಆಮೇಲೆ ಅರಳಿದವು. ಉದುರಿದ್ದು ಉದುರಿ, ಕೆಲವು ಕಚ್ಚಿದವು. ಅತ್ತೆ ಆಗಲೇ ಹಾಸಿಗೆ ಹಿಡಿದಿದ್ದರು. ಕಾಯಿ ಹಸಿರಾಗಿ, ನುಣುಪು ತುಪ್ಪಳ ಬಂದಾಗ ನಹುಮ ಕಿತ್ತು ತಂದು, ನಾಲ್ಕನೆಯ ವರ್ಷದ ಫಲಕ್ಕೆ ಮಾಡಬೇಕಾದ ಶಾಸ್ತ್ರ ಮುಗಿಸಿ, ತಟ್ಟೆಯಲ್ಲಿ ಉಪ್ಪಿನ ಜೊತೆ ಇಟ್ಟ. ಹಸಿ ಬಾದಾಮಿಯನ್ನು ಸಿಪ್ಪೆ ಸಮೇತ ಹಾಗೇ ತಿನ್ನುವುದು.

ಅತ್ತೆ ಮಂತ್ರ ಹೇಳಿ ಕಚ್ಚಿದರು. ಅಗಿಯುವುದು ನಿಂತಿತು. ನಾನೊಂದು ಬಾಯಿಗೆ ಹಾಕಿಕೊಂಡೆ: ವಿಷದಂಥ ಕಹಿ. ಕಾಡಿನ ಬಾದಾಮಿ, ಇನ್ನು ಹೇಗಿದ್ದೀತು!

"ಉಗಿದುಬಿಡು ಅಮ್ಮಾ" ಎಂದು ನಹುಮ ಅಂಗೈ ಚಾಚಿದ.

ಅತ್ತೆ ಅವನ ಕೈಯನ್ನು ಸರಿಸಿ, ನಿಧಾನಕ್ಕೆ ಅಗಿದು ನುಂಗಿದರು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ನಿಮ್ಮಪ್ಪ ನನಗೆ ಅಂತ ಕೊಟ್ಟಿದ್ದು ಇದೊಂದೇ ಕಣೋ. ಇದನ್ನೂ ಉಗೀಲಾ?" ಎಂದು ಇನ್ನೊಂದು ಕಾಯಿಗೆ ಕೈ ಚಾಚಿದರು.