ಜೋಡಿ ಸಾಹೇಬರು

ಎದುರಿಗೆ ಕೂತವನ ಸಾವಿನ ಬಗ್ಗೆ, ಅವನ ಕಣ್ಣಿಗೆ ಕಣ್ಣಿಟ್ಟು, ತಮ್ಮ ಮುಖದ ಒಂದು ಗೆರೆಯೂ ಕದಲದಂತೆ ಮಾತಾಡಬಲ್ಲವರು ಲೋಕದಲ್ಲಿ ಬಹಳ ಮಂದಿ ಇಲ್ಲ. ವೈದ್ಯರು ದನಿ ತಗ್ಗಿಸುತ್ತಾರೆ. ವಕೀಲರು ಸುತ್ತಿ ಬಳಸಿ ಬರುತ್ತಾರೆ. ವಿಮೆ ಮಾರುವವರು ಮೊದಲು ನಕ್ಕು ಆಮೇಲೆ ಕೆಮ್ಮುತ್ತಾರೆ. ಜೋಡಿ ಸಾಹೇಬರು ಮಾತ್ರ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸಂಜೆಗೆ ಮಳೆ ಬರಬಹುದು ಎನ್ನುವಷ್ಟೇ ನಿರಾಳವಾಗಿ, “ನಾಳೆ ದಿನ ನೀವಿಲ್ಲ ಅಂತಿಟ್ಕೊಳ್ಳಿ” ಎಂದು ಶುರುಮಾಡುತ್ತಿದ್ದರು. ಕೇಳಿದವನು ಕುರ್ಚಿಯಲ್ಲೇ ಸ್ವಲ್ಪ ಹಿಂದಕ್ಕೆ ಸರಿಯುತ್ತಿದ್ದ. ಅವನ ಹೆಂಡತಿ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದಳು. ಸಾಹೇಬರಿಗೆ ಬೇಕಾಗಿದ್ದುದೂ ಅದೇ.

ಅವರಿದ್ದದ್ದು ಒಂದು ಭಾರಿ ಕಂಪನಿ. ಹೊರಗೆಲ್ಲ ಗಾಜು, ಒಳಗೆಲ್ಲ ತಂಪು. ಅದರ ನಾಲ್ಕನೆಯ ಮಹಡಿಯಲ್ಲಿ, ಪಡಸಾಲೆಯ ಕೊನೆಯಲ್ಲಿ ಅವರ ಕೋಣೆ. ನಿವೃತ್ತಿ ಹತ್ತಿರ ಬಂದ ಪ್ರತಿಯೊಬ್ಬ ನೌಕರನೂ ಒಂದಲ್ಲ ಒಂದು ದಿನ ಆ ಕೋಣೆಯ ಬಾಗಿಲು ತಟ್ಟಬೇಕು. ನಿವೃತ್ತಿ ನಿಧಿಯನ್ನು ಒಂದೇ ಗಂಟಾಗಿ ಪಡೆಯುವುದೋ ತಿಂಗಳು ತಿಂಗಳು ಪಿಂಚಣಿಯಾಗಿ ಪಡೆಯುವುದೋ, ಕಂಪನಿ ಕೊಟ್ಟ ಷೇರುಗಳನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂಬುದನ್ನೆಲ್ಲ ತೂಗಿ, ಈತನಿಗೆ ಯಾವುದು ಹಿತ ಎಂದು ಹೇಳುವುದು ಅವರ ಉದ್ಯೋಗ. ಇದರಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಪಿಂಚಣಿಯ ಆಯ್ಕೆ. ತನ್ನ ಕಾಲಕ್ಕಷ್ಟೇ ಸಾಕು ಎಂದವನಿಗೆ ದೊಡ್ಡ ಪಿಂಚಣಿ. ತನ್ನ ನಂತರ ಹೆಂಡತಿಗೂ ಬರಲಿ ಎಂದವನಿಗೆ ಮೊದಲ ತಿಂಗಳಿನಿಂದಲೇ ಸಣ್ಣ ಪಿಂಚಣಿ. ಒಮ್ಮೆ ಸಹಿ ಬಿದ್ದರೆ ಮುಗಿಯಿತು, ಕಂಪನಿಯ ಯಜಮಾನರೇ ಕೈಮುಗಿದು ಬಂದರೂ ಬದಲಾಗದು.

ಆದ್ದರಿಂದಲೇ ಅವರದೊಂದು ಹಟ. ಒಬ್ಬನೇ ಬಂದವನ ಹತ್ತಿರ ಅವರು ನಿವೃತ್ತಿಯ ವಿಷಯ ಎತ್ತುತ್ತಲೇ ಇರಲಿಲ್ಲ. “ಇಬ್ರೂ ಬನ್ನಿ” ಎಂದು ಹೇಳಿ, ಚಹಾ ಕುಡಿಸಿ, ಬಂದ ದಾರಿಗೆ ಸುಂಕವಿಲ್ಲದಂತೆ ಸಾಗಹಾಕುತ್ತಿದ್ದರು. ಹಾಗೆಂದು ಕಂಪನಿಯ ಯಾವ ಕಡತದಲ್ಲೂ ಬರೆದಿರಲಿಲ್ಲ. ಮೇಲಿನವರು ಒಂದೆರಡು ಸಲ ಗೊಣಗಿದರು, ಆಮೇಲೆ ಸುಮ್ಮನಾದರು, ಕೊನೆಗೆ ತಾವೂ ಹೆಂಡತಿಯೊಡನೆ ಲಿಫ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಮೇಲೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಹೀಗೆ ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದು, ಇಡೀ ಕಟ್ಟಡಕ್ಕೆ ಅವರು ಜೋಡಿ ಸಾಹೇಬರಾದರು.

ನೋಡಲು ಅಂಥ ವಿಶೇಷದ ಆಳಲ್ಲ. ವರ್ಷಗಟ್ಟಲೆ ಒಂದೇ ಹೆಗಲಿಗೆ ಚೀಲ ತೂಗಿಸಿ ಆ ಕಡೆಗೇ ವಾಲಿದ ಮೈ. ಗೋಡೆಯ ಅಂಚನ್ನು ಹಿಡಿದೇ ಸಾಗುವ ನಡಿಗೆ, ಮಧ್ಯದ ದಾರಿಯನ್ನು ಇನ್ಯಾರಿಗೋ ಬಿಟ್ಟುಕೊಟ್ಟವರ ಹಾಗೆ. ಬೇಸಗೆಯಲ್ಲೂ ಕಳಚದ ಒಂದು ಕಂದು ಕೋಟು. ಕಂಪನಿಯ ತಂಪುಯಂತ್ರಕ್ಕೆ ಹೆದರಿ ಹಾಕಿಕೊಂಡದ್ದು ಎಂದು ಅವರ ಸಮಜಾಯಿಷಿ. ಹಾಕಿಕೊಂಡದ್ದನ್ನು ಬಿಚ್ಚಲು ಸೋಮಾರಿತನ ಎಂದು ಸಹೋದ್ಯೋಗಿಗಳ ವ್ಯಾಖ್ಯಾನ. ಒಳಜೇಬಿನಲ್ಲಿ ಎರಡು ಪೆನ್ನು, ಒಂದು ಗಂಡನಿಗೆ, ಇನ್ನೊಂದು ಹೆಂಡತಿಗೆ. ಒಂದೇ ಪೆನ್ನನ್ನು ಇಬ್ಬರೂ ಹಂಚಿಕೊಂಡರೆ ಎರಡನೆಯವರು ಓದದೆಯೇ ಸಹಿ ಹಾಕಿಬಿಡುತ್ತಾರೆ ಎಂಬುದು ಅವರ ಸಂಶೋಧನೆ. ನಗಬೇಡಿ, ಮುಂದಿನ ಸಲ ಯಾರಾದರೂ ದಂಪತಿಗಳು ಸಹಿ ಹಾಕುವಾಗ ಗಮನಿಸಿ ನೋಡಿ.

ಒಮ್ಮೆ ಗೋದಾಮಿನ ಮೇಲ್ವಿಚಾರಕ ಬಂದ. ಗಂಟಲೂ ದೊಡ್ಡದು, ಮೀಸೆಯೂ ದೊಡ್ಡದು. “ನಮ್ಮನೆಯವಳಿಗೆ ಇದೆಲ್ಲ ತಲೆಗೆ ಹೋಗಲ್ಲ ಸಾರ್, ನಾನು ಹೇಳಿದ್ದೇ ಅವಳಿಗೆ ವೇದ” ಎಂದ. ಇಬ್ರೂ ಬನ್ನಿ ಎಂದರು ಸಾಹೇಬರು. ಗೊಣಗುತ್ತ ಹೋದವನು ಮರುದಿನ ಹೆಂಡತಿಯನ್ನು ಕರೆತಂದ. ಹಣವನ್ನೆಲ್ಲ ಒಂದೇ ಗಂಟಾಗಿ ತೆಗೆದು ಹೆಂಡತಿಯ ತಮ್ಮನ ವ್ಯಾಪಾರಕ್ಕೆ ಹಾಕುತ್ತೇನೆ ಎಂದು ಅವನು ಗತ್ತಿನಿಂದ ಘೋಷಿಸಿದ್ದೇ ತಡ, ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ಆಕೆ ತಲೆ ಎತ್ತಿದಳು. “ಯಾರಿಗೆ, ನನ್ನ ತಮ್ಮನಿಗಾ? ಅವನ ಕೈಗೆ ದುಡ್ಡು ಕೊಡೋದೂ ಒಂದೇ, ಹೊಳೆಗೆ ಸುರಿಯೋದೂ ಒಂದೇ!” ಮೇಲ್ವಿಚಾರಕ ಪೆಚ್ಚಾದ. “ನಿನಗೆ ಖುಷಿ ಆಗಲಿ ಅಂತ...” ಎಂದು ತಡವರಿಸಿದ. “ಒಂದು ಮಾತು ಕೇಳಿದ್ರೆ ಗಂಟು ಹೋಗ್ತಿತ್ತಾ?” ಎಂದಳು ಆಕೆ. ಸಾಹೇಬರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ನಗು ಬಂದಾಗಲೆಲ್ಲ ಅವರ ಕನ್ನಡಕಕ್ಕೆ ಧೂಳು ಕೂರುತ್ತಿತ್ತು.

ಲೆಕ್ಕಪತ್ರ ವಿಭಾಗದ ಒಬ್ಬ ಅವಿವಾಹಿತೆ ಬಂದಾಗ ಸಂದಿಗ್ಧವೇ ಬೇರೆ. “ನನಗೆ ಯಾರೂ ಇಲ್ಲ, ಒಬ್ಬಳೇ ಕೂತ್ಕೋತೀನಿ” ಎಂದು ಆಕೆ ಸ್ವಲ್ಪ ಬಿರುಸಾಗಿಯೇ ಹೇಳಿದಳು. ಸಾಹೇಬರು, “ನಿಮಗೆ ಜ್ವರ ಬಂದು ಮಲಗಿದ್ರೆ ಗಂಜಿ ತರೋರು ಯಾರು?” ಎಂದು ಕೇಳಿದರು. ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಎಂದಳು. “ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ” ಎಂದರು. ನರ್ಸಮ್ಮ ಬಂದರು, ಎರಡು ಗಂಟೆ ಕೂತರು, ತಮ್ಮ ಪಿಂಚಣಿಯ ಸಂದೇಹಗಳನ್ನೂ ಅಲ್ಲಿಯೇ ಪರಿಹರಿಸಿಕೊಂಡು ಹೋದರು.

ಷೇರುಗಳ ಪ್ರಶ್ನೆ ಬಂದಾಗ ಮಾತ್ರ ಸಾಹೇಬರ ದನಿ ತುಸು ಗಟ್ಟಿಯಾಗುತ್ತಿತ್ತು. ಕಂಪನಿ ತನ್ನಲ್ಲಿ ಉಳಿದವರಿಗೆ ಆಗಾಗ ತನ್ನದೇ ಷೇರುಗಳನ್ನು ಕೊಡುತ್ತಿತ್ತು, ಅವುಗಳನ್ನು ಮಾರುವುದು ಅಲ್ಲಿ ಒಂದು ಬಗೆಯ ದ್ರೋಹ. ಮಾರಿದವನನ್ನು ಕ್ಯಾಂಟೀನಿನಲ್ಲಿ ಒಂದು ಕಾಲು ಹೊಸ್ತಿಲಾಚೆ ಇಟ್ಟವನು ಎಂದೇ ನೋಡುತ್ತಿದ್ದರು. ಗೋಡೆಯ ಮೇಲಿನ ಪರದೆಯಲ್ಲಿ ಬೆಲೆ ಏರಿದ ದಿನ ಊಟ ರುಚಿ, ಇಳಿದ ದಿನ ಸಾರಿಗೆ ಉಪ್ಪು ಸಾಲದು. ಸಾಹೇಬರು ಬಂದವರಿಗೆಲ್ಲ ಒಂದೇ ಬುದ್ಧಿವಾದ ಹೇಳುತ್ತಿದ್ದರು: “ಸಂಬಳ ಇದೇ ಕಂಪನಿದು, ಪಿಂಚಣಿ ಇದೇ ಕಂಪನಿದು, ಉಳಿತಾಯಾನೂ ಇದರಲ್ಲೇ ಇಟ್ಟು ಕೂತರೆ, ನಾಳೆ ಇದಕ್ಕೆ ನೆಗಡಿ ಬಂದ್ರೆ ನಿಮ್ಮನೇಲಿ ಎಲ್ರೂ ಸೀನಬೇಕಾಗುತ್ತೆ. ಮಾರಿ, ಬೇಕಾದ್ದು ತಗೊಳ್ಳಿ.” ಇಷ್ಟು ಹೇಳುವ ಮಹಾನುಭಾವರು ತಮ್ಮ ಪಾಲಿನ ಒಂದು ಷೇರನ್ನೂ ಮಾರಿರಲಿಲ್ಲ. ಕಾರಣ ಕಂಪನಿಯ ಮೇಲಿನ ಭಕ್ತಿಯಲ್ಲ. ತಾವು ಹೋದ ಮೇಲೆ ಹೆಂಡತಿಗೆ ಇರಲಿ ಎಂದು ಎತ್ತಿಟ್ಟಿದ್ದರು, ಎತ್ತಿಟ್ಟದ್ದಕ್ಕೆ ಕೈ ಹಾಕುವ ಧೈರ್ಯ ಅವರಿಗಿರಲಿಲ್ಲ.

ಕೊನೆಗೆ ಅವರ ಸರದಿಯೂ ಬಂತು. ಅವರ ಜಾಗಕ್ಕೆ ಬರಲಿದ್ದವರು ಅವರ ಕೈಯಲ್ಲೇ ಪಳಗಿದ, ಇಬ್ಬರು ಮಕ್ಕಳ ತಾಯಿಯಾದ ಸಹೋದ್ಯೋಗಿ. ಸಾಹೇಬರು ತಮ್ಮ ಅರ್ಜಿಯನ್ನು ತಾವೇ ತುಂಬಿಕೊಂಡು ಹೋಗಿ ಆಕೆಯ ಮೇಜಿನ ಮೇಲಿಟ್ಟರು. ಹೆಂಡತಿಗೂ ಮುಂದುವರಿಯುವ ಸಣ್ಣ ಪಿಂಚಣಿ. ಷೇರುಗಳು ಇದ್ದಂತೆಯೇ ಇರುವುದು, ತಮ್ಮ ನಂತರ ಹೆಂಡತಿಗೆ. ಎಲ್ಲ ಸ್ಪಷ್ಟ, ಎಲ್ಲ ಸಮರ್ಪಕ. ಆಕೆ ಅದನ್ನು ನೋಡಲೂ ಇಲ್ಲ.

“ಇಬ್ರೂ ಬನ್ನಿ ಸಾರ್,” ಎಂದಳು.

“ನನಗೇ ಪಾಠಾನೇನಮ್ಮ?”

“ಪಾಠ ನಿಮ್ಮದೇ ಸಾರ್. ನಾನು ಒಪ್ಪಿಸ್ತಿದೀನಿ, ಅಷ್ಟೆ.”

ಮನೆಗೆ ಬಂದು ಹೆಂಡತಿಗೆ ಹೇಳಿದರು. ಆಕೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಮೂರನೆಯ ಮಹಡಿಯ ಕಿಟಕಿಯ ಬೆಳಕಿನಲ್ಲಿ ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುವವರು. ದಾರವನ್ನು ಹಲ್ಲಿನಿಂದ ಕಡಿಯುತ್ತ, “ನಾನು ಬಂದು ಏನು ಮಾಡ್ಲಿ? ನಿಮ್ಮ ಆಫೀಸು ನಿಮಗೇ ಗೊತ್ತು” ಎಂದರು.

“ಬರಬೇಕು. ನಿಯಮ ಇದೆ.”

“ಯಾರು ಮಾಡಿದ್ದು?”

“ನಾನೇ.”

“ಸರಿಹೋಯ್ತು,” ಎಂದರು ಆಕೆ, ಸೂಜಿಗೆ ಮತ್ತೆ ದಾರ ಪೋಣಿಸುತ್ತ.

ಅಪರಿಚಿತರ ಹೆಂಡಂದಿರಿಗೆಲ್ಲ ಬಿಡಿಸಿ ಬಿಡಿಸಿ ಹೇಳಿದ ಈ ವಿಷಯವನ್ನು ಅವರು ತಮ್ಮ ಹೆಂಡತಿಯ ಮುಂದೆ ಒಮ್ಮೆಯೂ ಎತ್ತಿರಲಿಲ್ಲ. ಎತ್ತಬಾರದೆಂದಲ್ಲ, ತಾವೇ ಎಲ್ಲ ನೋಡಿಕೊಂಡಿರುವಾಗ ಆಕೆಯ ತಲೆಗೇಕೆ ಹುಳ ಬಿಡಬೇಕು ಎಂದು. ಗೋದಾಮಿನ ಮೇಲ್ವಿಚಾರಕನ ತರ್ಕಕ್ಕೂ ಇದಕ್ಕೂ ಕೂದಲೆಳೆಯ ಅಂತರವೂ ಇಲ್ಲವೆಂಬುದು ಅಷ್ಟು ವರ್ಷ ಅವರಿಗೆ ಹೊಳೆದಿರಲಿಲ್ಲ. ಅವರನ್ನು ಇದಕ್ಕಾಗಿ ದೂರಲು ಮನಸ್ಸು ಬಾರದು, ಆದರೆ ದೂರದೆ ಬಿಡುವುದೂ ಸರಿಯಲ್ಲ.

ಗೊತ್ತುಮಾಡಿದ ದಿನ ಬೆಳಿಗ್ಗೆ ಸಾಹೇಬರು ಎಂದಿನಂತೆ ದಡದಡನೆ ಮೆಟ್ಟಿಲಿಳಿದು ಬೀದಿಯಲ್ಲಿ ನಿಂತರು. ಹೆಂಡತಿ ಬರಲಿಲ್ಲ. ಬಟ್ಟೆ ಬದಲಿಸುತ್ತಿರಬೇಕು ಎಂದುಕೊಂಡರು, ಎರಡು ಸಲ ಮೇಲೆ ನೋಡಿ ಕೂಗಿದರು, ಒಂದು ಬಸ್ಸನ್ನು ಬಿಟ್ಟರು. ಕೊನೆಗೆ ಆಕೆ ಬಂದಾಗ ಹಣೆಯ ಮೇಲೆ ಬೆವರು. “ಎಷ್ಟು ಹೊತ್ತು ಮಾರಾಯ್ತಿ” ಎಂದರು ಇವರು. ಆಕೆ ಸೆರಗಿನಿಂದ ಹಣೆ ಒರೆಸಿಕೊಂಡರು. ಕಂಪನಿಯ ಲಿಫ್ಟಿನಲ್ಲಿ ಮಾತ್ರ, ಗುಂಡಿಯೊತ್ತಿದ್ದೇ ನಾಲ್ಕನೆಯ ಮಹಡಿ ಬಂದುಬಿಟ್ಟಾಗ, “ಎಷ್ಟು ಸಲೀಸು!” ಎಂದು ಮಗುವಿನಂತೆ ಹಿಗ್ಗಿದರು.

ಸಹೋದ್ಯೋಗಿ ಎರಡು ಪೆನ್ನು ಇಟ್ಟು, ಎಲ್ಲವನ್ನೂ ಮೊದಲಿನಿಂದ ವಿವರಿಸಿದಳು. ಸಾಹೇಬರು ತಡೆಯಲಾರದೆ ಮಧ್ಯೆ ಬಾಯಿ ಹಾಕಿದರು. ಆಕೆ “ಸಾರ್, ಇವತ್ತು ನೀವು ಆ ಕಡೆ ಕುರ್ಚಿಯವರು” ಎಂದು ಬಾಯಿ ಮುಚ್ಚಿಸಿದಳು. “ನಾಳೆ ದಿನ ಸಾರ್ ಇಲ್ಲ ಅಂತಿಟ್ಕೊಳ್ಳಿ ಅಮ್ಮ” ಎಂದು ಆಕೆ ಶುರುಮಾಡಿದಾಗ, ಆ ವಾಕ್ಯ ಎಷ್ಟು ತಣ್ಣಗಿದೆ ಎಂಬುದು ಸಾಹೇಬರಿಗೆ ಮೊದಲ ಸಲ ತಿಳಿಯಿತು. ಹೆಂಡತಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

“ನಾನೇ ಮೊದಲು ಹೋದ್ರೆ?”

ಸಹೋದ್ಯೋಗಿ, “ಆಗಲೂ ಸಾರ್‌ಗೆ ಈ ಸಣ್ಣ ಪಿಂಚಣಿಯೇ ಅಮ್ಮ, ಕೊನೇತನಕ. ದೊಡ್ಡದಾಗಲ್ಲ” ಎಂದಳು.

“ಹಾಗೆಲ್ಲ ಆಗಲ್ಲ,” ಎಂದರು ಸಾಹೇಬರು. ಆ ಕೋಣೆಯಲ್ಲಿ ಅವರು ಆಧಾರವಿಲ್ಲದೆ ಆಡಿದ ಮೊದಲ ಮಾತು ಅದು. ಬೇರೆ ದಂಪತಿಗಳಿಗೆ ಈ ಸಾಧ್ಯತೆಯನ್ನು ಅವರು ತಪ್ಪದೆ ಹೇಳುತ್ತಿದ್ದರು. ತಮ್ಮ ಲೆಕ್ಕದಲ್ಲಿ ಮಾತ್ರ ಮೊದಲು ಹೋಗುವವರು ಯಾವಾಗಲೂ ತಾವೇ, ಉಳಿಯುವವಳು ಆಕೆಯೇ. ಇನ್ನೊಂದನ್ನು ಊಹಿಸುವ ಶಕ್ತಿ ಅವರಿಗಿರಲಿಲ್ಲ, ಪ್ರೀತಿ ಅಷ್ಟಿತ್ತು.

“ಯಾಕಾಗಲ್ಲ?” ಎಂದರು ಹೆಂಡತಿ, ಸಿಟ್ಟಿಲ್ಲದೆ. “ನಾನು ಗಂಡ ಇಲ್ಲದೋಳಾದ್ಮೇಲೆ ಹೇಗಿರ್ತೀನಿ ಅಂತ ಇಷ್ಟು ವರ್ಷ ಯೋಚನೆ ಮಾಡಿದೀರಿ. ಈಗ ಹೇಗಿದೀನಿ ಅಂತ ಒಂದಿನ ಕೇಳಿದೀರಾ? ಮಳೆಗಾಲ ಶುರುವಾದಾಗಿಂದ ನಾನು ಮೆಟ್ಟಿಲಿಳಿದಿಲ್ಲ. ಮಂಡಿ ಬಗ್ಗಲ್ಲ. ಅಂಗಡಿಯವನು ಸಾಮಾನು ಮೇಲೆ ತರ್ತಾನೆ, ಬಟ್ಟೆ ಕೊಡೋರೂ ಮೇಲೇ ಬರ್ತಾರೆ. ನೀವು ಬಂದಾಗ ನಾನು ಮನೇಲಿ ಇರ್ತೀನಿ, ನಿಮಗೆ ಅಷ್ಟೇ ಸಾಕು. ಇವತ್ತು ಇಳಿಯೋಕೆ ಯಾಕೆ ಹೊತ್ತಾಯ್ತು ಅಂದ್ಕೊಂಡ್ರಿ?”

ಹೆಂಡತಿಯೇ ಮುಂದುವರಿದು, “ಆ ಷೇರು ಮಾರಿ. ನೆಲಕ್ಕೆ ಹತ್ತಿರ ಒಂದು ಮನೆ ತಗೊಳ್ಳೋಣ. ಬೀದಿ ನೋಡಿ ಎಷ್ಟು ದಿನ ಆಯ್ತು” ಎಂದರು.

“ಆಮೇಲೆ ನಿನಗೇನು ಉಳಿಯುತ್ತೆ?”

“ಆಮೇಲಿಂದು ಆಮೇಲೆ. ಇವತ್ತಿಗೆ ನನಗೇನಿದೆ, ಅದು ಹೇಳಿ.”

ಅಂದು ಯಾರೂ ಸಹಿ ಹಾಕಲಿಲ್ಲ. ಮನೆಗೆ ಹೋಗಿ ಒಂದು ರಾತ್ರಿ ಮಲಗಿ ಬನ್ನಿ ಎಂಬುದೂ ಆ ಕೋಣೆಯ ಪದ್ಧತಿ. ಸಂಜೆ ಮನೆಯ ಮೆಟ್ಟಿಲ ಬುಡದಲ್ಲಿ ಸಾಹೇಬರು ಅಭ್ಯಾಸಬಲದಿಂದ ಮುಂದೆ ಹೆಜ್ಜೆಯಿಟ್ಟವರು ನಿಂತು, ಹಿಂದೆ ಸರಿದು, ಹೆಂಡತಿಯನ್ನು ಮುಂದೆ ಬಿಟ್ಟರು. ಆಕೆ ಮೆಟ್ಟಿಲ ಪಕ್ಕದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಯನ್ನು ಓರೆ ಮಾಡಿ, ಒಂದು ಕಾಲನ್ನು ಮೇಲಿಟ್ಟು ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುವುದನ್ನು ಮೊದಲ ಬಾರಿಗೆ ನೋಡಿದರು. ತಿರುವಿನಲ್ಲಿ ಆಕೆ ನಿಂತಾಗ ಇವರೂ ನಿಂತರು. ಅವರಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ, ಕಿವಿ ಬಿಸಿಯಾಗುವಂಥದು.

ಮರುದಿನ ಇಬ್ಬರ ಸಹಿಯೂ ಬಿತ್ತು. ಪಿಂಚಣಿಯ ವಿಷಯದಲ್ಲಿ ಸಾಹೇಬರು ಜಗ್ಗಲಿಲ್ಲ, ಸಣ್ಣದೇ ಇರಲಿ, ಅವಳಿಗೂ ಬರಲಿ ಎಂದರು. ಹೆಂಡತಿ ಅಷ್ಟನ್ನು ಬಿಟ್ಟುಕೊಟ್ಟರು. ಷೇರುಗಳೆಲ್ಲ ಮಾರಾಟವಾದವು. ಮಾರಿದ ಮೇಲೆ ಬೆಲೆ ಸ್ವಲ್ಪ ಏರಿತೆಂದು ಕ್ಯಾಂಟೀನಿನವರು ಲೊಚಗುಟ್ಟಿದರಂತೆ. ಈಗ ಅವರಿರುವುದು ಒಂದು ಹಳೆಯ ಕಟ್ಟಡದಲ್ಲಿ, ಬೀದಿಗಿಂತ ಒಂದೇ ಮೆಟ್ಟಿಲು ಮೇಲಿನ, ಬಣ್ಣ ಮಾಸಿದ ಎರಡು ಕೋಣೆಗಳಲ್ಲಿ. ಹೊಲಿಗೆ ಯಂತ್ರ ಬೀದಿಯ ಕಿಟಕಿಗೆ ಬಂದಿದೆ. ಸಂಜೆಯ ಹೊತ್ತು ಆಕೆ ಬೀದಿಯ ತುದಿಯವರೆಗೆ ಹೋಗಿ ಬರುತ್ತಾರೆ; ಸಾಹೇಬರು ಜೊತೆಗೆ ನಡೆಯುತ್ತಾರೆ, ಆಕೆಯ ವೇಗಕ್ಕೆ ತಮ್ಮ ಕಾಲನ್ನು ಒಗ್ಗಿಸಿಕೊಳ್ಳಲು ಇನ್ನೂ ಕಲಿಯುತ್ತಿದ್ದಾರೆ.

ಇಂಥವರು ನಮ್ಮ ನಡುವೆ ಬಹಳ ಮಂದಿ, ಹೆಚ್ಚಿನ ಮನೆಗಳಲ್ಲಿ ಒಬ್ಬರಾದರೂ ಸಿಕ್ಕುತ್ತಾರೆ. ತಾವಿಲ್ಲದ ದಿನಕ್ಕೆ ಎಲ್ಲವನ್ನೂ ಜೋಡಿಸಿಡುವುದರಲ್ಲಿ ಆಯುಷ್ಯ ಸವೆಸುವವರು. ತಮ್ಮ ಪ್ರೀತಿಯನ್ನು ತಮ್ಮ ಮರಣದ ಮರುದಿನಕ್ಕೆಂದು ತೆಗೆದಿಟ್ಟವರು. ಅವರ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲ, ತ್ಯಾಗವೂ ಸಣ್ಣದಲ್ಲ. ಆದರೆ ಯಾರಿಗಾಗಿ ಅಷ್ಟೆಲ್ಲವೋ ಆ ಜೀವ ಅವರು ಬದುಕಿರುವಾಗಲೇ ಪಕ್ಕದ ಕೋಣೆಯಲ್ಲಿ ಮಂಡಿ ಒತ್ತಿಕೊಂಡು ಕೂತಿರುತ್ತದೆ. ಕೇಳಿದರೆ ಹೇಳುತ್ತದೆ. ಕೇಳುವುದು ಮಾತ್ರ ಇಬ್ಬರೂ ಇರುವಾಗಲೇ ಆಗಬೇಕು.