ತುಂಬಿದ ಬಟ್ಟಲು

ನಮ್ಮ ಹುಲ್ಲುಗಾವಲಿನ ಕಡೆ ಮೊದಲ ಮೊಮ್ಮಗು ಅಜ್ಜ-ಅಜ್ಜಿಯ ಪಾಲು. ಕಿರಿಮಗನೋ, ಹೆತ್ತವರ ಒಲೆ ಬಿಟ್ಟು ಕದಲುವಂತಿಲ್ಲ. ಈ ಕಟ್ಟಳೆ ಮಾಡಿದ ಮಹಾನುಭಾವರು, ಎರಡೂ ಒಬ್ಬನ ಕೊರಳಿಗೇ ಬಿದ್ದರೆ ಗತಿಯೇನೆಂದು ಯೋಚಿಸಲೇ ಇಲ್ಲ. ಮೆದೆತ್ ನಲವತ್ತು ದಿನದ ಕೂಸಾಗಿದ್ದಾಗ ಅಜ್ಜಿ ಕುಲ್ಜಿರಾ ಅವನನ್ನು ಸೊಸೆ ರೌಶನ್‌ಳ ಮಡಿಲಿನಿಂದ ಎತ್ತಿಕೊಂಡು ತನ್ನ ಕಿರಿಮಗನನ್ನಾಗಿ ಮಾಡಿಕೊಂಡಿದ್ದಳು. ಅಂದಿನಿಂದ ಅವನಿಗೆ ಅಜ್ಜಿಯೇ ಅವ್ವ, ಹೆತ್ತವಳು ಬರೀ ಅತ್ತಿಗೆ. ನಿಜ ಊರಿಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಾಯಿಬಿಟ್ಟು ಯಾರೂ ಆಡುತ್ತಿರಲಿಲ್ಲ.

ಈಗ ಅವನಿಗೆ ಇಪ್ಪತ್ತಮೂರು. ಹಿಟ್ಟಿನ ಡಬ್ಬದ ಹಿಂದೆ ಕುಲ್ಜಿರಾಗೆ ಅವನ ಹೆಸರಿಗೆ ಬಂದ ಕಾಗದವೊಂದು ಸಿಕ್ಕಿತು. ದೂರದ ಅಕ್ತೋಬೆ ಪಟ್ಟಣದಲ್ಲಿ ರೈಲ್ವೆ ಕೆಲಸ, ಸೋಮವಾರ ಹಾಜರಾಗಬೇಕು.

"ಏನೋ ಇದು?"

"ಹೋಗಲ್ಲ ಬಿಡವ್ವ. ನಾನು ಹೋದ್ರೆ ಒಲೆಗೆ ಕಲ್ಲಿದ್ದಲು ಯಾರು ಹಾಕ್ತಾರೆ?"

"ನಿನ್ನ ಜೊತೆಯವರೆಲ್ಲ ಹೋದ್ರು. ನೀನೊಬ್ಬ ನನ್ನ ಸೆರಗು ಹಿಡ್ಕೊಂಡು ಕೂತಿದೀಯ."

"ಕಿರಿಮಗ ಅಲ್ವಾ, ನಂಗದೇ ಕೆಲಸ," ಎಂದು ನಕ್ಕು ಬೂದಿ ಚೆಲ್ಲಲು ಹೋದ. ಹೋದ ವರ್ಷವೂ ಹೀಗೇ ನಕ್ಕು, ಇಂಥದೇ ಕಾಗದವನ್ನು ಒಲೆಗೆ ಹಾಕಿದ್ದ. ಕಟ್ಟಿಹಾಕಿದವಳು ತಾನು, ಬಿಚ್ಚಬೇಕಾದವಳೂ ತಾನೇ ಎಂದು ಕುಲ್ಜಿರಾಗೆ ಅರ್ಥವಾಯಿತು.

ಭಾನುವಾರ ಮಗ, ಸೊಸೆ ರೌಶನ್ ಚಹಾಕ್ಕೆ ಬಂದರು. ನಮ್ಮಲ್ಲಿ ಅರ್ಧ ಬಟ್ಟಲು ಚಹಾ ಕೊಟ್ಟರೆ ಇನ್ನೂ ಕೂತಿರು ಎಂದರ್ಥ. ತುಂಬಿ ಕೊಟ್ಟರೆ ಕುಡಿದು ಹೊರಡು ಎಂದು. ಕುಲ್ಜಿರಾ ಎಲ್ಲರಿಗೂ ಅರ್ಧರ್ಧ ಕೊಟ್ಟು, ಮೆದೆತ್‌ನ ಬಟ್ಟಲನ್ನು ಅಂಚಿನವರೆಗೆ ತುಂಬಿದಳು.

"ಕೈ ಜಾರ್ತಾ ಅವ್ವ?"

"ಇಲ್ಲ. ನಾನು ನಿನ್ನ ಅವ್ವ ಅಲ್ಲ. ಅಗೋ, ಅಲ್ಲಿ ಕೂತಿದಾಳೆ ನಿನ್ನ ಹೆತ್ತವಳು. ನೀನು ನಂಗೆ ಮೊಮ್ಮಗ. ಮೊಮ್ಮಗನಿಗೆ ಈ ಒಲೆಯ ಹಂಗಿಲ್ಲ."

ಇಷ್ಟು ವರ್ಷ ಆ ಮಾತಿಗೇ ಕಾದಿದ್ದ ರೌಶನ್ ಸಂತೋಷಪಡಲಾರದೆ ಮುಖ ಮುಚ್ಚಿಕೊಂಡಳು. ಮೆದೆತ್ ಕುದಿಯುವ ಚಹಾವನ್ನು ತಳದವರೆಗೂ ಕುಡಿದು, ಎದ್ದು ಹೋಗಿ ಚೀಲ ಕಟ್ಟಿದ. ಬಾಗಿಲಲ್ಲಿ ನಿಂತು ತಿರುಗಿದ.

"ವಾರಕ್ಕಾಗುವಷ್ಟು ಕಲ್ಲಿದ್ದಲು ಒಳಗಿಟ್ಟಿದೀನಿ. ಬರ್ತೀನಿ, ಅಜ್ಜಿ."

ಅವಳೇ ಕೇಳಿ ಪಡೆದ ಮಾತು ಅದು. "ಹೋಗ್ಬಾ ಮಗನೇ" ಎನ್ನಲು ಹೋಗಿ, ಮಗನೇ ಎಂಬುದನ್ನು ನುಂಗಿಕೊಂಡಳು.

ಎಲ್ಲರೂ ಹೋದ ಮೇಲೆ ಅವನ ಬಟ್ಟಲನ್ನು ತೊಳೆದಳು. ಅರ್ಧ ಚಹಾ ಸುರಿದು, ಅವನು ಕೂರುತ್ತಿದ್ದ ಜಾಗದಲ್ಲಿಟ್ಟು, ಎದುರಿಗೆ ಕೂತಳು.