ಸಾಬೂದಾಣಿ ತಿಂದು ಕೊಟ್ಟ ರಕ್ತ

ಇದು ಎಂಬತ್ತೆರಡನೆಯ ಇಸವಿಯ ಮಾತು. ನಂದಗಡದ ಅಕ್ಕವ್ವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಆದರೂ ಬೆಳಗಾವಿಯ ಡಾಕ್ಟರು ಬರೆದುಕೊಟ್ಟರೆಂದು ಎರಡು ತಿಂಗಳು ಅದರ ಗುಳಿಗೆ ನುಂಗಿದಳು. ಒಂದು ಸೋಮವಾರ ಬೆಳಿಗ್ಗೆ ಗುಳಿಗೆ ನುಂಗಿ, ಆ ದಿನ ಕಟ್ಟುಪವಾಸವೆಂದು ಹಾಲು ಹಣ್ಣನ್ನೂ ಮುಟ್ಟದೆ ಇದ್ದವಳು ಬಚ್ಚಲ ಬಾಗಿಲಲ್ಲೇ ಎಚ್ಚರ ತಪ್ಪಿ ಬಿದ್ದಳು. ಗಂಡ ಗುರುಪುತ್ರಪ್ಪ ಗಾಬರಿಯಾಗಿ ಖಾನಾಪುರದ ದವಾಖಾನೆಗೆ ಹೊತ್ತು ತಂದ. ಸಕ್ಕರೆ ತೀರಾ ಇಳಿದಿದೆ, ಇನ್ನರ್ಧ ತಾಸು ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು ಅಲ್ಲಿನ ಡಾಕ್ಟರು. ಸೂಜಿ ಹಾಕಿ ಉಳಿಸಿದರು, ಗುಳಿಗೆ ನಿಲ್ಲಿಸಿದರು.

ಅಕ್ಕವ್ವನಿಗೆ ಸಿಟ್ಟು ಬಂತು. ಬೆಳಗಾವಿಯ ಡಾಕ್ಟರು ಏರಿದೆ ಅಂದರು, ಇವರು ಇಳಿದಿದೆ ಅನ್ನುತ್ತಾರೆ. ತನ್ನ ಮೈಯೇನು ಇವರ ಆಟದ ಸಾಮಾನೇ?

ಊರಿಗೆ ಮರಳಿದ ಮೇಲೆ ಮಾತಾಡಿಸಲು ಬಂದವಳು ಬಾಲ್ಯದ ಗೆಳತಿ ಜಿನಮತಿ. ಬೆಳಗಾವಿಯ ಸದಾಶಿವನಗರದಲ್ಲಿ ಮನೆ, ನರ್ಸ್ ಕೆಲಸ. ಬಂದವಳೇ ರಕ್ತ ತಪಾಸಣೆಯ ಕಾಗದ ಕೇಳಿದಳು.

"ಅದನ್ನ ನೋಡಿ ನಾವೇನ ಮಾಡೂದೈತ್ರಿ ಬಾಯಾರ? ಅದು ಡಾಕ್ಟರ ಕೆಲಸ," ಎಂದ ಗುರುಪುತ್ರಪ್ಪ. ಆದರೂ ಟ್ರಂಕಿನಿಂದ ಎರಡು ಕಾಗದ ತೆಗೆದುಕೊಟ್ಟ. ಹೋದ ವರ್ಷದ್ದರಲ್ಲಿ ಸಕ್ಕರೆ ಎಂಬತ್ತಾರು. ಈ ವರ್ಷದ್ದರಲ್ಲಿ ನೂರಾ ನಲವತ್ತೆಂಟು.

ಜಿನಮತಿ ಎರಡನ್ನೂ ಬಾಜೂಕ ಬಾಜು ಇಟ್ಟಳು. ಬರೇ ಹೊಟ್ಟೆಯಲ್ಲಿ ಎಷ್ಟಿರಬೇಕೆಂದು ಕಾಗದದ ಅಂಚಿನಲ್ಲೇ ಅಚ್ಚಾಗಿದೆ, ಎಪ್ಪತ್ತರಿಂದ ನೂರಾ ಹತ್ತು. ಒಂದೇ ವರ್ಷದಲ್ಲಿ ಇಷ್ಟು ಏರಿದ್ದು ಯಾಕೆಂದು ಯಾರೂ ಕೇಳಲಿಲ್ಲವೇ ಎಂದು ಸಿಟ್ಟಾದಳು. ಈ ವರ್ಷ ರಕ್ತ ಕೊಟ್ಟ ದಿನ ಏನು ತಿಂದು ಹೋಗಿದ್ದೆ ಎಂದು ಗೆಳತಿಯನ್ನು ಕೇಳಿದಳು.

"ಏನೂ ತಿಂದಿದ್ದಿಲ್ಲವ್ವಾ. ಸ್ವಾಮಾರ ಉಪಾಸ ಇತ್ತು. ಮುಂಜಾನೆ ಒಂದೀಟ ಸಾಬೂದಾಣಿ ಖಿಚಡಿ, ಒಂದ ಬಾಳಿಹಣ್ಣು, ಸಕ್ಕರಿ ಹಾಕಿದ ಹಾಲು. ಅಷ್ಟ. ರೊಟ್ಟಿ ಮುಟ್ಟಿಲ್ಲ."

ನೋಡಿ ನಮ್ಮ ಪದ್ಧತಿ! ಉಪವಾಸದ ಫರಾಳವನ್ನು ನಾವು ತಿಂದದ್ದರಲ್ಲಿ ಹಿಡಿಯುವುದೇ ಇಲ್ಲ. ದೇವರು ಒಪ್ಪಬಹುದು, ರಕ್ತ ಒಪ್ಪುವುದಿಲ್ಲ.

ಹದಿನೈದು ದಿನ ಬಿಟ್ಟು ಜಿನಮತಿ ಮುಂದೆ ನಿಂತು ಬೆಳಗಾವಿಯಲ್ಲೇ ಮತ್ತೆ ತಪಾಸಣೆ ಮಾಡಿಸಿದಳು. ರಾತ್ರಿ ಊಟದ ಮೇಲೆ ಬರೀ ನೀರು. ಬಂದದ್ದು ಎಂಬತ್ತೆಂಟು. ಊಟವಾದ ಎರಡು ತಾಸಿಗೆ ನೋಡಿದಾಗಲೂ ಸರಿಯಾಗಿಯೇ ಇತ್ತು. ಬೆಳಗಾವಿಯ ಡಾಕ್ಟರು ಕಾಗದ ನೋಡಿ, ತಿಂದು ಬಂದಿದ್ದನ್ನು ಮೊದಲೇ ಹೇಳಬಾರದಿತ್ತೇ ಎಂದು ಅಕ್ಕವ್ವನನ್ನೇ ಗದರಿದರು.

ಎಂದೂ ಎದುರು ಮಾತಾಡದ ಅಕ್ಕವ್ವ ಕುರ್ಚಿಯಿಂದ ಎದ್ದಳು. "ನೀವು ಕೇಳಬೇಕಾಗಿತ್ರಿ ಸಾಹೇಬ್ರ. ರಕ್ತ ತಗೊಳ್ಳಾಕ ಸೂಜಿ ಇತ್ತು, ಒಂದ ಮಾತು ಕೇಳಾಕ ಬಾಯಿ ಇದ್ದಿಲ್ಲೇನ್ರಿ?"

ಡಾಕ್ಟರು ಸಕ್ಕರೆ ಕಾಯಿಲೆ ಇಲ್ಲವೆಂದು ಆ ಕಾಗದದ ಮೇಲೆ ಬರೆದುಕೊಟ್ಟರು. ಜೊತೆಗೆ ಬಂದಿದ್ದ ಗುರುಪುತ್ರಪ್ಪ ಅದನ್ನು ಮಡಚಿ ಜೇಬಿಗಿಟ್ಟ. ಊರಿಗೆ ಬಂದವನೇ ಮೂರೂ ಕಾಗದ ದಾರದಲ್ಲಿ ಪೋಣಿಸಿ, ಯಾವ ದಿನ, ಏನು ತಿಂದು ಹೋಗಿದ್ದಳು ಎಂದು ಪ್ರತಿಯೊಂದರ ಮೇಲೂ ಬರೆದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ರಕ್ತದ ಕಾಗದ ಎಲ್ಲಿದೆ? ಇವತ್ತೇ ಹುಡುಕಿ ತೆಗೆಯಿರಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಡಾಕ್ಟರ ಮುಂದಿಡಿ. ಬರೇ ಹೊಟ್ಟೆಯಲ್ಲಿ ಬನ್ನಿ ಎಂದರೆ ನೀರು ಬಿಟ್ಟು ಏನೂ ಬೇಡ, ಚಹಾ ಕೂಡ ಬೇಡ, ಫರಾಳವಂತೂ ಬೇಡವೇ ಬೇಡ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ, ಸಂಶಯ ಬಂದರೆ ಡಾಕ್ಟರನ್ನು ಕೇಳಿ. ಸಿಡುಕಿದರೆ ಇನ್ನೊಮ್ಮೆ ಕೇಳಿ. ಎಚ್ಚರ ತಪ್ಪಿ ಬೀಳುವವರು ಅವರಲ್ಲ, ನೀವು.